ಬಸಿಗಾಲುವೆಯ ಮೇಲೆ ನೆಟ್ಟ ವಿಲೋ

ಐವತ್ತು ದಾಟುವ ಹೊತ್ತಿಗೆ ಫಿಂಟನ್ ಡೂಲಿಗೆ ಬದುಕಿನಲ್ಲಿ ಒಂದೇ ಆಸೆ ಉಳಿದಿತ್ತು. ಮಾರ್ಚ್ ತಿಂಗಳಲ್ಲಿ ರಾತ್ರಿಪೂರ್ತಿ ನಿದ್ದೆ ಮಾಡಬೇಕು. ಇದೂ ಒಂದು ಆಸೆಯೇ ಎಂದು ಹಸು ಸಾಕದವರು ಕೇಳಬಹುದು. ಚಳಿಗಾಲ ಮುಗಿಯುತ್ತ ಬಂದ ಹಾಗೆ ಕೊಟ್ಟಿಗೆಯ ಹಸುಗಳು ಒಂದಾದ ಮೇಲೊಂದು ಈಯಲು ಶುರುಮಾಡುತ್ತವೆ. ಈಯುವ ಹಸುವಿಗೂ ಹಗಲಿಗೂ ಏನು ವೈರವೋ ಏನೋ, ಹತ್ತರಲ್ಲಿ ಎಂಟು ಕತ್ತಲಾದ ಮೇಲೇ ಸಂಕಟಪಡುವುದು. ಫಿಂಟನ್ ಮೀಸೆ ಮೂಡುವ ವಯಸ್ಸಿನಿಂದ ಈ ಚಾಕರಿ ಮಾಡುತ್ತ ಬಂದಿದ್ದ. ಅಡ್ಡ ಸಿಕ್ಕಿಕೊಂಡ ಕರುವನ್ನು ಎಳೆಯಲು ಹೋಗಿ ಒಮ್ಮೆ ಹೆಗಲು ಜಾರಿತ್ತು, ಇನ್ನೊಮ್ಮೆ ಒದೆ ತಿಂದು ಮಂಡಿ ಹೋಗಿತ್ತು. ಭಾನುವಾರ ಚರ್ಚಿನಲ್ಲಿ ಕೂತಲ್ಲೇ ತೂಕಡಿಸುವುದರಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ. ಪಾದ್ರಿಗಳೂ ಅವನ ಮಟ್ಟಿಗೆ ದನಿ ತಗ್ಗಿಸಿಯೇ ಪ್ರವಚನ ಮಾಡುತ್ತಾರೆ ಎಂದು ಜನ ನಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಸರ್ಕಾರದ ಯೋಜನೆ ಬಂತು. ನಮ್ಮ ಸೀಮೆಯ ಜೌಗು ನೆಲದ ಕರಿಮಣ್ಣನ್ನು ಒಣಗಿಸಿ ಸುಟ್ಟು ಕರೆಂಟು ಮಾಡುವ ಸ್ಥಾವರ ಒಂದಿದೆಯಲ್ಲ, ಅದರ ಒಲೆಗೆ ಇನ್ನು ಮೇಲೆ ಕಟ್ಟಿಗೆಯೂ ಬೇಕಂತೆ. ರೈತರು ಹೊಲದಲ್ಲಿ ವಿಲೋ ಎಂಬ ಗಿಡ ನೆಟ್ಟರೆ ಅರ್ಧ ಖರ್ಚು ಸರ್ಕಾರದ್ದು, ಮೇಲೆ ವರ್ಷವರ್ಷವೂ ಎಕರೆ ಲೆಕ್ಕದಲ್ಲಿ ಒಂದಿಷ್ಟು ಸಹಾಯಧನ. ಊರಿನ ಸಭಾಂಗಣದಲ್ಲಿ ಇದನ್ನು ವಿವರಿಸಿದಾಗ ಉಳಿದವರೆಲ್ಲ ಯೂರೋಗಳ ಅಂಕಿ ಬರೆದುಕೊಂಡರು. ಫಿಂಟನ್ ಕಿವಿಗೆ ಬಿದ್ದದ್ದು ಒಂದೇ ಮಾತು. ಮೂರು ವರ್ಷಕ್ಕೊಮ್ಮೆ ಯಂತ್ರ ಬಂದು ಕೊಯ್ದುಕೊಂಡು ಹೋಗುತ್ತದೆ, ನಡುವಿನ ವರ್ಷಗಳಲ್ಲಿ ಮಾಡುವ ಕೆಲಸ ಏನೂ ಇಲ್ಲ.

ಮನೆಗೆ ಬಂದವನೇ ಹೆಂಡತಿ ಕಾರ್ಮೆಲ್‌ಗೆ ಅದನ್ನೇ ಹೇಳಿದ. ಪಟ್ಟಣದ ಬೇಕರಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಬಂದಿದ್ದ ಅವಳು, ಹಾಗೆ ಹೇಳಿದವನಿಗೆ ಮದುವೆ ಆಗಿದೆಯಾ ಎಂದಷ್ಟೇ ಕೇಳಿದಳು. ಆದರೆ ಬೇಡ ಅನ್ನಲಿಲ್ಲ. ಗಂಡನ ಬೆನ್ನು ಬಾಗುತ್ತಿರುವುದು ಅವಳ ಕಣ್ಣೆದುರೇ ಇತ್ತು.

ಸರ್ಕಾರ ವಿಲೋ ಎಂದು ಕರೆದದ್ದನ್ನು ನಮ್ಮೂರಲ್ಲಿ ಸ್ಯಾಲಿ ಅನ್ನುತ್ತಾರೆ. ನೀರು ನಿಲ್ಲುವ ಮೂಲೆಯಲ್ಲೆಲ್ಲ ತಾನಾಗಿ ಹುಟ್ಟಿಕೊಳ್ಳುವ ಹಾಳು ಗಿಡ ಅದು. ಫಿಂಟನ್‌ನ ಅಪ್ಪ ಅದನ್ನು ಬೇರುಸಮೇತ ಅಗೆದು ಅಗೆದೇ ಕೆಳಗಿನ ಹೊಲವನ್ನು ಹುಲ್ಲಿಗೆ ತಂದಿದ್ದ. ಪಕ್ಕದ ರಸ್ತೆಯ ಮ್ಯಾಟಿ ಇಂಥ ಅವಕಾಶ ಬಿಡುವವನಲ್ಲ. ದನದ ಸಂತೆಯಲ್ಲಿ ಹತ್ತು ಜನರ ನಡುವೆ ಫಿಂಟನ್ ಹೆಗಲ ಮೇಲೆ ಕೈಹಾಕಿ, "ಪಾಪ, ನಿಮ್ಮಪ್ಪನ ಕಾಲಕ್ಕೆ ಈ ಯೋಜನೆ ಇರ್ಲಿಲ್ಲ ನೋಡು. ಇದ್ದಿದ್ರೆ ಕೈಕಟ್ಟಿ ಕೂತೇ ಸಾಹುಕಾರ ಆಗ್ತಿದ್ದ" ಅಂದ. ಫಿಂಟನ್ ಎಲ್ಲರ ಜೊತೆ ತಾನೂ ನಕ್ಕ.

ಕೆಳಗಿನ ಹೊಲದ ಬಗ್ಗೆ ಒಂದು ಮಾತು ಹೇಳಬೇಕು. ಅದರ ಬೇಲಿಯಾಚೆ, ಕೊಂಚ ಎತ್ತರದಲ್ಲಿ, ತೆಸ್ಸಿ ಮೂನಿಯ ಹುಲ್ಲುಗಾವಲು. ಮದುವೆಯಾಗದೆ ಅಣ್ಣನ ಜೊತೆ ಬೇಸಾಯ ಮಾಡಿಕೊಂಡಿದ್ದು, ಅಣ್ಣ ಹೋದ ಮೇಲೂ ಬಿಳಿಮುಖದ ಆರೇಳು ಹಸು ಕಟ್ಟಿಕೊಂಡು ಗಟ್ಟಿಯಾಗಿ ನಿಂತ ಹೆಂಗಸು ತೆಸ್ಸಿ. ಆಗಲೇ ಎಪ್ಪತ್ತರ ಹತ್ತಿರ. ಅವಳ ಹುಲ್ಲುಗಾವಲು ಬಟ್ಟಲಿನ ಹಾಗೆ ನಡುವೆ ತಗ್ಗು, ಅದರ ನೀರು ನದಿಗೆ ಹೋಗಲು ಇದ್ದದ್ದು ಒಂದೇ ದಾರಿ. ತೆಸ್ಸಿಯ ಕಡೆ ತೆರೆದ ಬಸಿಗಾಲುವೆಯಾಗಿ ಹೊರಟು, ಬೇಲಿ ದಾಟಿದ ಮೇಲೆ ಕಲ್ಲುಚಪ್ಪಡಿಯ ಕೆಳಗಿಳಿದು, ಫಿಂಟನ್ ಹೊಲದ ಅಡಿಯಲ್ಲೇ ಹರಿದು ನದಿ ಸೇರುವ ದಾರಿ. ಎರಡು ಮನೆಗಳ ಮುತ್ತಜ್ಜಂದಿರು ಸೇರಿ ಕಟ್ಟಿದ್ದು. ಯಾವ ನಕಾಶೆಯಲ್ಲೂ ಅದು ಇರಲಿಲ್ಲ.

ಪ್ರತಿವರ್ಷ ಫೆಬ್ರುವರಿಯಲ್ಲಿ, ಸಂತ ಬ್ರಿಜಿಡ್ಡಳ ಹಬ್ಬ ಕಳೆದ ವಾರ, ಎರಡೂ ಮನೆಯವರು ಈ ಕಾಲುವೆಯ ಹೂಳೆತ್ತಬೇಕು. ತೆಸ್ಸಿ ಮೇಲಿನಿಂದ, ಫಿಂಟನ್ ನದಿಯ ಕಡೆಯಿಂದ. ಅಲ್ಲಲ್ಲಿ ಚಪ್ಪಡಿ ಎತ್ತಿ, ಉದ್ದ ಹಿಡಿಯ ಗುದ್ದಲಿಯಿಂದ ಕೆಸರು ಎಳೆಯುತ್ತ ಬಂದು, ಯಾರ ನೆಲದಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಾರೋ ಅವರ ಮನೆಯಲ್ಲಿ ಅವತ್ತಿನ ಊಟ. ಫಿಂಟನ್ ಆ ಒಂದು ದಿನ ಮಾತ್ರ ಎರಡು ಆಳಿನ ಕೆಲಸ ಮಾಡುತ್ತಿದ್ದ. ತೆಸ್ಸಿ ಬೇಯಿಸಿದ ಹಂದಿಮಾಂಸ, ಕೋಸು ತನ್ನ ಅಡುಗೆಗಿಂತ ರುಚಿ, ಅದಕ್ಕೇ ಈ ಅವಸರ ಎಂದು ಕಾರ್ಮೆಲ್ ಹಂಗಿಸುತ್ತಿದ್ದಳು. ಅದು ಸುಳ್ಳೆಂದು ಅವನು ಒಮ್ಮೆಯೂ ಹೇಳಲಿಲ್ಲ.

ಇನ್ನು ಯೋಜನೆಯ ಕಡೆಯಿಂದ ಹೊಲ ನೋಡಲು ಸಲಹೆಗಾರ ಬಂದ ದಿನದ ಕಥೆ. ಹುಡುಗ ಒಳ್ಳೆಯವನು, ಮಾತು ಮೃದು, ಬೂಟು ಮಾತ್ರ ಹೊಸದು. ಹೊಲವನ್ನು ಸುತ್ತಿ ಮಣ್ಣು ತೆಗೆದು ನೋಡಿ, ಈ ನೆಲದ ಕೆಳಗೆ ಹಳೇ ಕಾಲುವೆ ಏನಾದರೂ ಇದೆಯಾ ಎಂದು ಕೇಳಿದ.

"ಇಲ್ಲ" ಅಂದ ಫಿಂಟನ್.

ಯಾಕೆ ಹಾಗೆಂದ ಎಂದು ನಮ್ಮೂರಿನವರನ್ನು ಕೇಳಬೇಡಿ, ನಾವೂ ಅದನ್ನೇ ಹೇಳುತ್ತಿದ್ದೆವು. ಸರ್ಕಾರದ ಕಡೆಯವನು ನಿನ್ನ ಬಳಿ ಇಂಥದ್ದು ಇದೆಯಾ ಎಂದು ಕೇಳಿದರೆ ಮೊದಲು ಇಲ್ಲ ಅನ್ನಬೇಕು, ಯೋಚನೆ ಆಮೇಲೆ. ಜಮೀನ್ದಾರರ ಏಜೆಂಟರು ಕೋಳಿ ಎಣಿಸುತ್ತಿದ್ದ ಕಾಲದಿಂದ ರಕ್ತಕ್ಕೆ ಇಳಿದ ಅಭ್ಯಾಸ ಅದು. ಇದೆ ಅಂದವನ ಮೇಲೆ ಏನಾದರೊಂದು ಬೀಳುತ್ತದೆ, ಇಲ್ಲ ಅಂದವನು ಬಚಾವು. ಫಿಂಟನ್‌ನ ಬಾಯಿ ತಲೆಯನ್ನು ಕೇಳದೆ ಉತ್ತರ ಕೊಟ್ಟಿತ್ತು. ಗೇಟಿನ ಹತ್ತಿರ ಬರುವಷ್ಟರಲ್ಲಿ, ಅಯ್ಯೋ, ಇದೆ ಎಂದು ಹೇಳಿಬಿಡಲೇ ಎಂದು ಅವನಿಗೆ ಅನ್ನಿಸಿತು. ಆದರೆ ಆಗ ಇಲ್ಲ ಅಂದಿದ್ದು ಸುಳ್ಳು ಎಂದಾಗುತ್ತದೆ. ಸುಳ್ಳುಗಾರ ಎನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ವಾಸಿ ಎಂದು ಹುಡುಗನಿಗೆ ಚಹ ಕೊಟ್ಟು ಕಳಿಸಿದ. ಕಾಲುವೆ ಇದ್ದರೆ ಅದರ ಎರಡೂ ಬದಿ ಅಗಲವಾಗಿ ಜಾಗ ಬಿಟ್ಟು ನೆಡಬೇಕು, ವಿಲೋ ಬೇರಿಗೆ ನೀರಿನ ವಾಸನೆ ಬಡಿದರೆ ಕಲ್ಲಿನ ಸಂದಿಯನ್ನೂ ಬಿಡುವುದಿಲ್ಲ ಎಂದು ಹೇಳಲಿಕ್ಕೇ ಆ ಹುಡುಗ ಕೇಳಿದ್ದು. ಅದನ್ನು ಫಿಂಟನ್ ತಿಳಿದುಕೊಂಡಿದ್ದು ಕಾಲ ಮಿಂಚಿದ ಮೇಲೆ.

ನೆಡುವ ಯಂತ್ರ ಬಂತು. ಪೆನ್ಸಿಲಿನಂಥ ಕಡ್ಡಿಗಳನ್ನು ಸಾಲಾಗಿ ನೆಲಕ್ಕೆ ಚುಚ್ಚುತ್ತ, ಚಪ್ಪಡಿಗಳ ನೆತ್ತಿಯ ಮೇಲೆಯೇ ಹಾದುಹೋಯಿತು. ಫಿಂಟನ್ ಹಸುಗಳನ್ನೆಲ್ಲ ಮಾರಿದ. ಮೇಲಿನ ಹೊಲವನ್ನು ಮ್ಯಾಟಿಗೆ ಗುತ್ತಿಗೆ ಕೊಟ್ಟ. ಆಮೇಲೆ ಮಲಗಿದ. ಒಂದು ಇಡೀ ಮಾರ್ಚ್ ಮಲಗಿದ. ಮುಖಕ್ಕೆ ಕಳೆ ಬಂತು, ಊಟ ಸೇರಿತು, ಕಾರ್ಮೆಲ್ ಜೊತೆ ಕೂತು ಮಾತಾಡಲು ಪುರುಸೊತ್ತು ಸಿಕ್ಕಿತು. ಮದುವೆಯಾದ ಹೊಸದರಲ್ಲಿ ಕಂಡ ಗಂಡ ಇಷ್ಟು ವರ್ಷ ಎಲ್ಲಿ ಹೋಗಿದ್ದ ಎಂದು ಅವಳಿಗೇ ಆಶ್ಚರ್ಯವಾಯಿತು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ದುಡಿದು ದುಡಿದು ದಣಿದವನು ಒಂದಿಷ್ಟು ದಿನ ಮಲಗಿದ್ದರಲ್ಲಿ ತಪ್ಪೇನಿದೆ?

ಮರುವರ್ಷ ಹಬ್ಬದ ವಾರ ತೆಸ್ಸಿ ಎಂದಿನಂತೆ ಗಂಬೂಟು ಹಾಕಿಕೊಂಡು, ಗುದ್ದಲಿ ಹೊತ್ತು ಬೇಲಿಯ ಹತ್ತಿರ ಬಂದಳು. ಗಿಡ ಆಗಲೇ ಆಳೆತ್ತರ ಬೆಳೆದಿತ್ತು. ಸಾಲುಗಳ ನಡುವೆ ನುಗ್ಗಿ ಚಪ್ಪಡಿ ಹುಡುಕುವುದು ನೆನೆದೇ ಫಿಂಟನ್‌ಗೆ ಬೆನ್ನು ನೋವು ಬಂತು. ಈ ವರ್ಷ ಬೇಡ ತೆಸ್ಸಿ, ಈ ಗಿಡ ಕುಡಿಯುವುದರಲ್ಲಿ ನಮ್ಮ ಮ್ಯಾಟಿ ಇದ್ದ ಹಾಗೆ, ಕಾಲುವೆಯವರೆಗೆ ಒಂದು ತೊಟ್ಟನ್ನೂ ಬಿಡುವುದಿಲ್ಲ ಅಂದ. ತೆಸ್ಸಿ ನಕ್ಕಳು. ಸಾಲುಗಳು ಎಲ್ಲಿಂದ ಎಲ್ಲಿಗೆ ಹೋಗಿವೆ ಎಂದು ಒಮ್ಮೆ ಉದ್ದಕ್ಕೂ ಕಣ್ಣು ಹಾಯಿಸಿದಳು. ಹಾಗೇ ಆಗಲಿ ಎಂದು ಗುದ್ದಲಿ ಹೊತ್ತು ಬಂದ ದಾರಿಯಲ್ಲೇ ವಾಪಸು ಹೋದಳು. ಅದರ ಮುಂದಿನ ವರ್ಷ ಅವಳು ಬರಲೇ ಇಲ್ಲ.

ಮೊದಲ ಕೊಯ್ಲು ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಮಳೆ ಬಿಡಲಿಲ್ಲ. ಯಂತ್ರ ಗಾಲಿಯವರೆಗೆ ಹೂತುಕೊಂಡು, ಅರ್ಧ ಹೊಲ ಕೊಯ್ದು ಇನ್ನರ್ಧ ಬಿಟ್ಟು ಹೋಯಿತು. ಬಿಟ್ಟದ್ದು ಕಾಲುವೆಯ ಮಗ್ಗುಲಿನ ಭಾಗ. ಅದು ಬೆಳೆದು ಬೆಳೆದು ಮನೆಯ ಮಾಡಿಗಿಂತ ಎತ್ತರವಾಗಿ, ತೆಸ್ಸಿಯ ಕಡೆಯದೇನೂ ಕಾಣದ ಹಾಗೆ ಗೋಡೆ ಕಟ್ಟಿತು. ಅಷ್ಟರಲ್ಲಿ ಕರೆಂಟಿನ ಸ್ಥಾವರವನ್ನೇ ಮುಚ್ಚುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಕೊಯ್ಯುವ ಗುತ್ತಿಗೆದಾರ ಫೋನ್ ಎತ್ತುವುದು ನಿಲ್ಲಿಸಿದ. ಯೋಜನೆಯ ಬಗ್ಗೆ ಕೇಳಿದರೆ ಕಚೇರಿಯವರದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಫಿಂಟನ್‌ಗೆ ಇದರಿಂದೆಲ್ಲ ಬೇಜಾರಾಯಿತೇ ಹೊರತು ನಿದ್ದೆ ಕೆಡಲಿಲ್ಲ.

ನಿದ್ದೆ ಕೆಟ್ಟದ್ದು ಮ್ಯಾಟಿಯ ಹೋರಿಕರು ತಪ್ಪಿಸಿಕೊಂಡ ದಿನ. ಅದನ್ನು ಹುಡುಕುತ್ತ ಫಿಂಟನ್ ವಿಲೋ ಸಾಲುಗಳ ನಡುವೆ ನುಸುಳಿ ನುಸುಳಿ, ಬೇಲಿ ದಾಟಿ, ಎಷ್ಟೋ ಕಾಲದ ಮೇಲೆ ತೆಸ್ಸಿಯ ಹುಲ್ಲುಗಾವಲಿಗೆ ಕಾಲಿಟ್ಟ. ಕಾಲು ಪಚಕ್ಕನೆ ಹೂತಿತು. ತಗ್ಗಿನ ತುಂಬ ನಿಂತ ನೀರು, ನೀರಿನ ಸುತ್ತ ಮೊಣಕಾಲೆತ್ತರದ ಜೊಂಡು. ಒಳ್ಳೆಯ ಹುಲ್ಲು ಎಂಬುದು ಬೇಲಿಯಂಚಿನಲ್ಲಿ ಒಂದು ಪಟ್ಟಿ ಮಾತ್ರ. ಎರಡು ಕಾಡುಬಾತು ಮನೆ ತಮ್ಮದೇ ಎಂಬಂತೆ ಈಜಾಡುತ್ತಿದ್ದವು. ಹಸುಗಳು ಕಾಣಲಿಲ್ಲ. ನೆಲ ಇಷ್ಟು ಮೆತ್ತಗಿದ್ದರೆ ಕೊಟ್ಟಿಗೆಯಲ್ಲೇ ಕಟ್ಟಿ ಮೇವು ಹಾಕುತ್ತಿರಬೇಕು ಎಂದುಕೊಂಡ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಿಂತ ಗಳಿಗೆಯಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಗೊತ್ತಾದರೂ, ಈ ವರ್ಷ ಮಳೆ ವಿಪರೀತ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದ. ನಮ್ಮ ದೇಶದಲ್ಲಿ ಆ ನೆಪ ಯಾವ ವರ್ಷವೂ ಸಿಗದೆ ಹೋಗುವುದಿಲ್ಲ.

ಚರ್ಚಿನ ಗೇಟಿನ ಬಳಿ ತೆಸ್ಸಿ ಸಿಕ್ಕರೆ ಎಂದಿನ ಹಾಗೇ ಮಾತಾಡಿಸುತ್ತಿದ್ದಳು. ಕಾರ್ಮೆಲ್ ಕೈಬೆರಳಿನ ನೋವು ಹೇಗಿದೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಇಷ್ಟೇ. ಹುಲ್ಲುಗಾವಲಿನ ಮಾತಿಲ್ಲ, ಹಸುವಿನ ಮಾತಿಲ್ಲ. ಅವಳು ಬಾಯಿಬಿಟ್ಟು ಬೈದಿದ್ದರೆ ಫಿಂಟನ್‌ಗೆ ಉತ್ತರ ಸಿದ್ಧವಿತ್ತು. ಬೈಯದವಳ ಎದುರು ಏನು ಹೇಳುವುದು? ಅವನು ಹಿಂದಿನ ಬೆಂಚಿನಲ್ಲಿ ಕೂತು, ಪೂಜೆ ಮುಗಿಯುವ ಮೊದಲೇ ಎದ್ದು ಬರಲು ಶುರುಮಾಡಿದ. ತೂಕಡಿಕೆ ಹೋಗಿತ್ತು. ದಣಿವು ಮಾತ್ರ ಹಸು ಕಟ್ಟಿದ್ದ ಕಾಲಕ್ಕಿಂತ ಹೆಚ್ಚಾಗಿ ಹೆಗಲೇರಿತ್ತು.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ತಡೆಯಲಾರದೆ ಹಾರೆ ಹಿಡಿದು ಹೋದ. ಅಂದಾಜಿನ ಮೇಲೆ ಅಗೆದು ಒಂದು ಚಪ್ಪಡಿ ಮೀಟಿ ಎತ್ತಿದ. ಕೆಳಗೆ ಕಾಲುವೆ ಇರಲಿಲ್ಲ. ಹಿಂಜಿ ತುರುಕಿದ ಉಣ್ಣೆಯ ಹಾಗೆ ಕೆಂಪು ಬೇರಿನ ಮುದ್ದೆ, ತೋಳು ಇಳಿಸಿದಷ್ಟೂ ಬರೀ ಬೇರು. ಫಿಂಟನ್ ಆ ಚಪ್ಪಡಿಯ ಮೇಲೆ ಕೂತುಬಿಟ್ಟ. ಇಲ್ಲ ಎಂದು ತಾನಂದದ್ದು ಕೊನೆಗೂ ನಿಜವಾಗಿತ್ತು.

ಮಧ್ಯಾಹ್ನ ಕಾರ್ಮೆಲ್‌ಗೆ ಎಲ್ಲ ಹೇಳಿದ. ಅವಳು ತಟ್ಟೆ ತೊಳೆಯುವುದು ನಿಲ್ಲಿಸಿ ಕೇಳಿದಳು:

"ತೆಸ್ಸಿ ಏನಂತಾಳೆ?"

"ಏನೂ ಅನ್ನಲ್ಲ."

"ಹಾಗಾದ್ರೆ ತುಂಬಾ ನೊಂದಿದಾಳೆ."

ಮರುದಿನ ಕಚೇರಿಗೆ ಫೋನ್ ಮಾಡಿದ. ಆ ಕಡೆಯ ಹೆಂಗಸು ಮರ್ಯಾದೆಯಿಂದಲೇ ಮಾತಾಡಿದಳು. ಒಪ್ಪಂದದ ಅವಧಿ ಮುಗಿಯುವ ಮೊದಲು ಕಿತ್ತರೆ ಸಹಾಯಧನದ ಪಾಲು ಹಿಂದಿರುಗಿಸಬೇಕು, ಕೀಳಲು ಕಾರಣ ಏನೆಂದು ಬರೆದುಕೊಳ್ಳಬೇಕು ಅಂದಳು. ನೆಲದ ಕೆಳಗೆ ಕಾಲುವೆ ಇದೆ ಅಂದ ಫಿಂಟನ್. ಕಾಗದ ಮಗುಚುವ ಸದ್ದು ಕೇಳಿಸಿತು. ಇಲ್ಲ ಎಂದು ಬರೆದಿದೆಯಲ್ಲ ಎಂದು ಅವಳು ಕೇಳಿದಳು. ಹಾಗೆ ಬರೆಸಿದ್ದು ನಾನೇ ಎಂದು ಅವನು ಒಪ್ಪಿಕೊಂಡ. ನಮ್ಮೂರಿನ ಗಂಡಸೊಬ್ಬ ಸರ್ಕಾರಕ್ಕೆ ಇದೆ ಎಂದು ತಾನಾಗಿ ಹೇಳಿದ್ದು ಬಹುಶಃ ಅದೇ ಮೊದಲು. ಅವನಿಗೆ ಅದರಿಂದ ಯಾವ ಬಹುಮಾನವೂ ಸಿಗಲಿಲ್ಲ.

ಹಣ ಹೊಂದಿಸಲು ಇದ್ದದ್ದು ಒಂದೇ ದಾರಿ. ಮ್ಯಾಟಿಗೆ ಈಗ ದೊಡ್ಡ ಹಿಂಡು, ಈಯುವ ಕಾಲಕ್ಕೆ ರಾತ್ರಿ ಪಾಳಿಗೆ ಅನುಭವಸ್ಥ ಆಳು ಬೇಕಿತ್ತು. ಫಿಂಟನ್ ಹೋಗಿ ಕೇಳಿದ. ಈ ಒಂದು ಸಲ ಮ್ಯಾಟಿ ಹಂಗಿಸಲಿಲ್ಲ. ಬಾ, ಜಾಕೆಟ್ ದಪ್ಪದ್ದು ಹಾಕಿಕೊಂಡು ಬಾ ಎಂದಷ್ಟೇ ಹೇಳಿದ. ಮ್ಯಾಟಿ ಹಂಗಿಸದೇ ಇದ್ದದ್ದರಿಂದ ತನ್ನ ಸ್ಥಿತಿ ಎಲ್ಲಿಗೆ ಬಂತು ಎಂದು ಫಿಂಟನ್‌ಗೆ ತಿಳಿಯಿತು. ತನ್ನ ಹಸುವಿಗೆ ಎಚ್ಚರವಿರಲಾರದೆ ಬಿಟ್ಟವನು ಇನ್ನು ಪರರ ಹಸುವಿಗೆ ಎಚ್ಚರವಿರಬೇಕು. ಮಾಡಿದ್ದುಣ್ಣೋ ಮಹರಾಯ.

ತೆಸ್ಸಿಗೆ ಮೊದಲೇ ಹೇಳಲು ಬಾಯಿ ಬರಲಿಲ್ಲ. ಕೆಲಸ ಮುಗಿಸಿಯೇ ಹೇಳೋಣ, ನೀರು ಹರಿದರೆ ಮುಖ ಎತ್ತಿ ಮಾತಾಡಬಹುದು ಎಂದುಕೊಂಡ. ಫೆಬ್ರುವರಿಯ ಒಂದು ಸೋಮವಾರ ಜೆಸಿಬಿ ಬಂತು. ಮೂರು ರಾತ್ರಿ ಮ್ಯಾಟಿಯ ಕೊಟ್ಟಿಗೆಯಲ್ಲಿ ಕಳೆದ ಕಣ್ಣಿನಲ್ಲೇ ಫಿಂಟನ್ ಮುಂದೆ ನಿಂತು, ಇಲ್ಲಿ, ಇಲ್ಲಿ ಎಂದು ತೋರಿಸುತ್ತ ಹೋದ. ಗೋಡೆಯಂತೆ ನಿಂತಿದ್ದ ವಿಲೋ ಬುಡಸಮೇತ ಉರುಳಿತು. ಮುರಿದ ಚಪ್ಪಡಿಗಳು, ಹಗ್ಗದಂಥ ಬೇರುಗಳು, ಕಪ್ಪು ಕೆಸರು ಎಲ್ಲ ಮೇಲೆ ಬಂತು. ಅಪ್ಪ ಕೈಯಲ್ಲಿ ಕಿತ್ತಿದ್ದನ್ನು ಮಗ ಬಾಡಿಗೆ ಕೊಟ್ಟು ಕೀಳಿಸಿದ. ಸಂಜೆಯ ಹೊತ್ತಿಗೆ ಬೇಲಿಯ ಬಳಿಯ ಕೊನೆಯ ಬೇರಿನ ಮುದ್ದೆ ಕಿತ್ತು ಬಂದದ್ದೇ, ಆ ಕಡೆ ಇಷ್ಟು ಕಾಲ ಕಟ್ಟಿಕೊಂಡಿದ್ದ ನೀರು ಹೋ ಎಂದು ನುಗ್ಗಿತು. ಜೆಸಿಬಿಯ ಚಾಲಕ ಯಂತ್ರ ನಿಲ್ಲಿಸಿ ನೋಡುತ್ತ ಕೂತ. ಫಿಂಟನ್‌ಗೆ ಎದೆ ಹಗುರಾಯಿತು. ಎಷ್ಟೋ ವರ್ಷದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ ಎನ್ನಿಸಿತು.

ಬೇಲಿಯಾಚೆ ತೆಸ್ಸಿ ಬಂದು ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೋಲು ಊರಿಕೊಂಡು, ತನ್ನ ಹುಲ್ಲುಗಾವಲಿನಿಂದ ನೀರು ಇಳಿಯುವುದನ್ನು ನೋಡುತ್ತಿದ್ದಳು. ಫಿಂಟನ್ ಕೆಸರಿನಲ್ಲಿ ಕಾಲೆಳೆದುಕೊಂಡು ಹತ್ತಿರ ಹೋದ.

"ಮೇ ತಿಂಗಳಿಗೆಲ್ಲ ಹುಲ್ಲು ಬರತ್ತೆ ತೆಸ್ಸಿ. ಹಸು ಬಿಡಬಹುದು ನೀವು" ಅಂದ.

"ಹಸು ಎಲ್ಲಿದಾವೆ ಮಗನೇ?" ಅಂದಳು ತೆಸ್ಸಿ. "ಅಕ್ಟೋಬರಲ್ಲೇ ಕೊಟ್ಬಿಟ್ಟೆ. ದಲ್ಲಾಳಿ ಅಂಗಳಕ್ಕೇ ಬಂದಿದ್ದ."

ಫಿಂಟನ್ ಅವಳ ಕೊಟ್ಟಿಗೆಯ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು, ಒಳಗೆ ಒಣಹುಲ್ಲೂ ಇರಲಿಲ್ಲ. ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ಯಾರೂ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ. ಮತ್ತೆ ಕೊಳ್ಳಬಹುದಲ್ಲ, ನಾನೇ ಒಳ್ಳೆಯದು ನೋಡಿ ತರುತ್ತೇನೆ ಎಂದು ಏನೇನೋ ತೊದಲಿದ. ಈ ವಯಸ್ಸಿನಲ್ಲಿ ಹೊಸ ಹಸುವಿನ ಹೆಸರು ಕಲಿಯೋದು ಯಾರಿಗೆ ಬೇಕು ಎಂದು ಅವಳು ತಲೆಯಾಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ಒಂದು ಮಾತು ಹೇಳಬಾರದಿತ್ತಾ ನನಗೆ?" ಎಂದು ಕೇಳಿದ ಫಿಂಟನ್. "ಇಷ್ಟು ವರ್ಷದಲ್ಲಿ ಒಂದೇ ಒಂದು ಮಾತು?"

ತೆಸ್ಸಿ ಅವನ ಮುಖವನ್ನು, ಕೆಂಪಾದ ಕಣ್ಣುಗಳನ್ನು ನೋಡಿದಳು.

"ಹೇಳಿದ್ರೆ ಮಾರನೇ ದಿನವೇ ಕಿತ್ತುಹಾಕ್ತಿದ್ದೆ ನೀನು, ನನಗೆ ಗೊತ್ತಿಲ್ವಾ? ಮತ್ತೆ ಹಸು ಕಟ್ತಿದ್ದೆ, ಮತ್ತೆ ರಾತ್ರಿಯೆಲ್ಲ ಎದ್ದಿರ್ತಿದ್ದೆ. ನಿಮ್ಮಪ್ಪನ್ನ ಆ ಕೊಟ್ಟಿಗೆಯಿಂದ ಬಾಗಿಲಿನ ಹಲಗೆ ಮೇಲೆ ಹೊತ್ಕೊಂಡು ಬಂದೋರಲ್ಲಿ ನಮ್ಮಣ್ಣ ಒಬ್ಬ. ನಿಮ್ಮಪ್ಪ ಸತ್ತಾಗ ಈಗಿನ ನಿನಗಿಂತ ಚಿಕ್ಕವನು. ಇವನಾದ್ರೂ ಒಂದಷ್ಟು ದಿನ ಮಲಗಲಿ ಅಂದ್ಕೊಂಡೆ ಕಣಪ್ಪ. ಅಷ್ಟೇ."

ಫಿಂಟನ್‌ಗೆ ನಿಂತಲ್ಲೇ ಅಳು ಬಂತು. ಜೆಸಿಬಿಯವನು ನೋಡುತ್ತಿದ್ದಾನೆ ಎಂಬುದೂ ಲಕ್ಷ್ಯಕ್ಕೆ ಬರಲಿಲ್ಲ, ಐವತ್ತೆಂಟು ವರ್ಷದ ಗಂಡಸು ಮಗುವಿನ ಹಾಗೆ ಬಿಕ್ಕಿದ. ತೆಸ್ಸಿ ಸಮಾಧಾನ ಮಾಡಲು ಹೋಗಲಿಲ್ಲ. ಅವನ ಅಳು ಒಂದು ಹದಕ್ಕೆ ಬರುವವರೆಗೆ ಅಲ್ಲೇ ನಿಂತಿದ್ದು, ರಾತ್ರಿ ಮ್ಯಾಟಿಯ ಹಸುಗಳನ್ನು ನೋಡಲು ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳಿದಳು. ಎಂಟಕ್ಕೆ ಅಂದ. ಹಾಗಾದರೆ ಇನ್ನೂ ಎರಡು ಗಂಟೆ ಇದೆ, ಒಳಗೆ ಬೆಂಕಿಯ ಹತ್ತಿರ ಬೆಂಚಿದೆ, ಬಂದು ಮಲಗು, ನಾನು ಎಬ್ಬಿಸುತ್ತೇನೆ ಎಂದು ಹೇಳಿ ಅವಳು ಮುಂದೆ ನಡೆದಳು.